ಮೈಕಿನಲ್ಲಿ ಕರೆದವಳು

೧೪ ನವೆಂಬರ್ ೨೦೨೪, ಗುರುವಾರ

ಇವತ್ತು ನನ್ನ ಟೇಲರ್ ಅಂಗಡಿಗೆ ಬ್ಲೌಸು ಹೊಲಿಸಲು ಬಂದವರ ಹೆಸರು ಸಾವಕ್ಕ. ಎಡಗಾಲು ಎಳೆದು ನಡೆಯುತ್ತಾರೆ. ಹೆಸರು ಬರೆದುಕೊಳ್ಳುವಾಗ ಕೇಳಿದರು, "ನವನಗರದಾಗ ಜಾನಪದ ಹಾಡಿನ ಕಾರ್ಯಕ್ರಮ ಆದಾಗ ಮೈಕಿನ್ಯಾಗ ಮಾತಾಡಿದವ್ರು ನೀವ ಅಲ್ರೀ? ದನಿ ಗುರ್ತ ಹತ್ತಿತು."

ಎರಡು ವರ್ಷವಾಯಿತು. ಅಂದು ನಿರೂಪಣೆ ನನ್ನದು. ಮೈಕು ಕೈಗೆ ಬಂದರೆ ನನಗೆ ಹುರುಪು ಜಾಸ್ತಿ. ಮುಂದಿನ ಕುರ್ಚಿಗಳು ಖಾಲಿ ಕಂಡವು. "ಹಿಂದ ಯಾಕ ನಿಂತೀರಿ, ಎಲ್ಲಾರೂ ಮುಂದ ಬರ್ರಿ" ಎಂದೆ. ಎಲ್ಲರೂ ಒಮ್ಮೆಲೇ ಬಂದರು. ನೂಕಾಟಕ್ಕೆ ಸ್ಪೀಕರ್ ಕಟ್ಟಿದ್ದ ಕಂಬ ಜನರ ಮೇಲೆ ಬಿತ್ತು. ಆಮೇಲೆ ನಾನು ಮೈಕು ಮುಟ್ಟಿಲ್ಲ.

"ಹೌದ್ರಿ, ನಾನ," ಎಂದೆ. ಕಣ್ಣು ಅವರ ಎಡಗಾಲಿನತ್ತ ಹೋಯಿತು.

"ನಾ ಮೊದಲಿಂದನ ಮುಂದ ಕುಂತಿದ್ದೆ ಬಿಡ್ರಿ. ನೀವು ಕರದದ್ದಕ್ಕ ಬಂದಾಕಿ ಅಲ್ಲ."

ಎಷ್ಟು ಸಲೀಸಾಗಿ ಹೇಳಿದರು. ಮುಂದಿನ ಕುರ್ಚಿಗಳಲ್ಲಿ ಒಬ್ಬರೂ ಇರಲಿಲ್ಲ, ನನಗೆ ಚೆನ್ನಾಗಿ ನೆನಪಿದೆ.

ಅವರು ನಿಂತಿದ್ದ ಮೂಲೆಯಲ್ಲಿ ಅಳತೆಗೆ ಬೆಳಕು ಸಾಲದು. ಬೇರೆ ಯಾರಾದರೂ ಆಗಿದ್ದರೆ ಒಂದು ಹೆಜ್ಜೆ ಮುಂದೆ ಕರೆಯುತ್ತಿದ್ದೆ. ಇವತ್ತು ಟೇಪು ಹಿಡಿದುಕೊಂಡು ನಾನೇ ಮೂಲೆಗೆ ಹೋದೆ.