ಅಳೆದು ಬರೆದ ಸುದ್ದಿ

ಪ್ರೀತಿಯ ಅಣ್ಣನಿಗೆ,

‘ನಡುಹೊಳೆಯಲ್ಲಿ ನಿಂತವನಿಗೆ ಎರಡೂ ದಡ ಒಂದೇ ದೂರ’ ಎಂಬ ಸಾಲು ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದೆ. ಮುಂದಿನ ಸಾಲು ಏನಿತ್ತೋ ನೆನಪಾಗುತ್ತಿಲ್ಲ. ‘ಅದಕ್ಕೇ ಅವನು’ ಎಂದೇನೋ ಶುರುವಾಗುತ್ತಿತ್ತು. ನೀನು ಕಾಲೇಜಿನಲ್ಲಿದ್ದಾಗ ಬರೆದ ಪದ್ಯ ಅದು. ಅಮ್ಮನಿಗೂ ನನಗೂ ಓದಿ ತೋರಿಸಿದ್ದೆ. ಅಮ್ಮ ಬಟ್ಟೆ ಮಡಚುತ್ತಾ, ‘ಹೊಳೆ ಮಧ್ಯಕ್ಕೆ ಯಾಕೆ ಹೋದನಂತೆ?’ ಎಂದು ಕೇಳಿದ್ದಳು. ನೀನು ಮುನಿಸಿಕೊಂಡಿದ್ದೆ. ನನಗೆ ಆಗ ಅದು ದೊಡ್ಡ ಮಾತಾಗಿ ಕಂಡಿತ್ತು. ಈಗ ಅನುಮಾನ. ಅವನು ನಿಂತಿದ್ದು ದೋಣಿಯಲ್ಲೋ, ಕುತ್ತಿಗೆಮಟ್ಟದ ನೀರಿನಲ್ಲೋ? ನೀರು ಯಾವ ಕಡೆಗೆ ಎಳೆಯುತ್ತಿತ್ತು? ನಿನ್ನ ಪದ್ಯ ಅದನ್ನು ಹೇಳುವುದಿಲ್ಲ. ದೂರ ಒಂದೇ ಇರಬಹುದು. ಈಜಬೇಕಾದವರಿಗೆ ಎರಡು ದಡಗಳೂ ಒಂದೇ ಅಲ್ಲ.

ನಿನ್ನೆ ನಾನು ಫೋನ್ ಮಾಡಿದಾಗ ನೀನು ಎರಡು ಮಾತಾಡಿ, ‘ಇರು, ಪುಟ ಕಳಿಸಿ ಮಾತಾಡ್ತೀನಿ’ ಎಂದು ಇಟ್ಟುಬಿಟ್ಟೆ. ಪುಟ ಹೋಯಿತು, ನಿನ್ನ ಫೋನ್ ಬರಲಿಲ್ಲ. ಕಾಗದದ ಮೇಲಿರುವುದನ್ನಾದರೆ ನೀನು ಕೊನೆಯವರೆಗೂ ಓದುತ್ತೀಯ, ಅದೂ ಕೈಯಲ್ಲಿ ಪೆನ್ನು ಹಿಡಿದು. ಅದಕ್ಕೇ ಇದನ್ನು ಬರೆದು ಅತ್ತಿಗೆಯ ಕೈಗೆ ಕೊಟ್ಟುಬರುತ್ತೇನೆ. ತಿದ್ದಬೇಕೆನಿಸಿದರೆ ತಿದ್ದು. ಭಾನುವಾರದ ಪುಟ ಕಟ್ಟುವುದಕ್ಕೆ ಮೊದಲು ಓದಿದರೆ ಸಾಕು.

ಗುರುವಾರದ ನಿನ್ನ ಪತ್ರಿಕೆಯ ಮುಖಪುಟ ಇಲ್ಲೇ ಮೇಜಿನ ಮೇಲಿದೆ. ವಿಶ್ವವಿದ್ಯಾಲಯದ ಸಾಹಿತ್ಯ ವಿಭಾಗದ ಪ್ರೊಫೆಸರ್ ಮೇಲೆ ವಿದ್ಯಾರ್ಥಿನಿಯೊಬ್ಬಳು ಲೈಂಗಿಕ ದೌರ್ಜನ್ಯದ ದೂರು ಕೊಟ್ಟಿದ್ದಾಳೆ ಎಂಬ ಸುದ್ದಿ. ಎಡಕ್ಕೆ ಪ್ರೊಫೆಸರ್ ಮಾತು, ಬಲಕ್ಕೆ ಹುಡುಗಿಯ ಕಡೆಯದು. ಎರಡೂ ಒಂದೇ ಗೆರೆಯಲ್ಲಿ ಶುರುವಾಗಿ ಒಂದೇ ಗೆರೆಯಲ್ಲಿ ಮುಗಿದಿವೆ. ನೋಡಿದ ಕೂಡಲೇ ನಿನ್ನ ಡ್ರಾಯರಿನ ಸ್ಟೀಲ್ ಸ್ಕೇಲು ಹೊರಗೆ ಬಂದಿದೆ ಎಂದು ಗೊತ್ತಾಯಿತು. ಜಗಳದ ಸುದ್ದಿ ಇದ್ದಾಗಲೆಲ್ಲ ಪ್ರೂಫಿನ ಮೇಲೆ ಸ್ಕೇಲಿಟ್ಟು ಎರಡೂ ಕಡೆಯ ಉದ್ದ ಅಳೆಯುವವನು ನೀನು. ಒಂದು ಕಡೆ ಬೆರಳಗಲ ಕಮ್ಮಿಯಾದರೂ ಪುಟ ವಾಪಸ್. ಕೆಲಸಕ್ಕೆ ಬಂದ ಹೊಸಬರಿಗೆ ನೀನು ಮೊದಲು ಕಲಿಸುವುದೂ ಅದನ್ನೇ. ‘ಉದ್ದ ಸರಿಯಾಗಿದ್ರೆ ಯಾರೂ ನಮ್ ಕಡೆ ಬೆರಳು ತೋರ್ಸಂಗಿಲ್ಲ.’ ಅತ್ತಿಗೆ ಒಂದು ಸಲ ನಿನ್ನೆದುರಿಗೇ, ‘ಹೊದಿಕೇನೂ ಅಳೆದೇ ಹಂಚ್ಕೊಳ್ಳೋ ಮನುಷ್ಯ ಇವರು. ನನ್ನ ಪಾದ ಹೊರಗೆ ಉಳಿದ್ರೆ ಅದು ನನ್ನ ಕಾಲಿನ ತಪ್ಪು’ ಎಂದದ್ದು ನೆನಪಿದೆಯೇ? ನಾವೆಲ್ಲ ನಕ್ಕಿದ್ದೆವು, ನೀನೂ ನಕ್ಕಿದ್ದೆ. ಈ ಊರಿನಲ್ಲಿ ದುಡ್ಡು ತಿನ್ನದ, ಯಾರ ಮುಲಾಜಿಗೂ ಬೀಳದ ಪತ್ರಿಕೆ ನಿನ್ನದೊಂದೇ ಎಂದು ನಾನು ಎಲ್ಲರ ಮುಂದೆ ಹೇಳಿಕೊಂಡವಳು. ಇವತ್ತಿಗೂ ಹೇಳುತ್ತೇನೆ. ಅದಕ್ಕೇ ಇಷ್ಟು ಸಂಕಟ.

ಆ ಹುಡುಗಿ ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗೆ ಇದ್ದಾಳೆ ಅಣ್ಣ. ನಿನಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೂ ನಿನ್ನ ಸ್ಕೇಲು ಆ ಕಡೆ ಈ ಕಡೆ ಸರಿಯುತ್ತಿರಲಿಲ್ಲ ಎಂದು ನಾನು ಬಲ್ಲೆ. ನಿನಗೆ ಹೇಳಲೋ ಬೇಡವೋ ಎಂದು ಅವಳನ್ನೇ ಕೇಳಿದೆ. ‘ಇನ್ನು ಯಾರಿಗೆ ಗೊತ್ತಾಗೋದು ಬಾಕಿ ಇದೆ ಅಕ್ಕ, ಹೇಳಿ’ ಎಂದಳು.

ನೀನು ಅವಳ ಹೆಸರು ಹಾಕಲಿಲ್ಲ. ಫೋನಿನಲ್ಲಿ ನೀನು ಮೊದಲು ಹೇಳಿದ್ದೂ ಅದನ್ನೇ. ಆದರೆ ಆ ಬಲಗಡೆಯ ಅಂಕಣವನ್ನು ಇನ್ನೊಮ್ಮೆ ಓದು. ನಿನ್ನ ವರದಿಗಾರ ಕೇಳಿದಾಗ ಅವಳು ಕೊಟ್ಟದ್ದು ಒಂದೇ ವಾಕ್ಯ: ‘ನಾನು ಹೇಳೋದನ್ನ ಸಮಿತಿ ಮುಂದೆ ಹೇಳ್ತೀನಿ.’ ಪ್ರೊಫೆಸರ್ ಧಾರಾಳವಾಗಿ ಮಾತಾಡಿದರು. ಅವರಿಗೆ ಮಾತು ಬರುತ್ತದೆ, ಅದೇ ಅವರ ಕಸುಬು. ಎಡಗಡೆ ಅಷ್ಟುದ್ದ, ಬಲಗಡೆ ಒಂದು ಸಾಲು. ನೀನು ಪುಟ ವಾಪಸ್ ಕಳಿಸಿದೆ. ನೀವೆಲ್ಲ ‘ಬಿರುಗಾಳಿ’ ಎಂದು ಕರೆಯುವ ಆ ವರದಿಗಾರ ವಿಭಾಗವನ್ನೆಲ್ಲ ಸುತ್ತಿ, ಅವಳು ಎಂಥವಳು, ಎಲ್ಲಿಂದ ಬಂದಳು ಎಂದು ಸಿಕ್ಕವರನ್ನೆಲ್ಲ ಕೇಳಿಕೊಂಡು ಬಂದ. ಹೀಗೆ ಬಲಗಡೆ ತುಂಬಿತು. ಮೊದಲು ನರ್ಸ್ ಆಗಿದ್ದವರು, ಕೆಲಸ ಬಿಟ್ಟು ಸಾಹಿತ್ಯ ಓದಲು ಬಂದವರು. ಸಹಪಾಠಿಗಳಿಗಿಂತ ಹಿರಿಯರು, ಮಿತಭಾಷಿ. ವಿಭಾಗದ ಓದುಕೋಣೆಯ ಬೀಗದ ಕೈ ಅವರ ಬಳಿಯೇ ಇರುತ್ತದೆ. ಒಂದೂ ಕೆಟ್ಟ ಮಾತಿಲ್ಲ, ಒಂದೂ ಸುಳ್ಳಿಲ್ಲ. ಆದರೆ ಇಡೀ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಓದುವ ನರ್ಸ್ ಎಷ್ಟು ಜನ ಇರುತ್ತಾರೆ? ಅವಳಿಗೆ ನ್ಯಾಯವಾಗಿ ಸಲ್ಲಬೇಕಾದ ಜಾಗವನ್ನು ಅವಳ ಗುರುತಿನಿಂದಲೇ ತುಂಬಿಸಿಬಿಟ್ಟೆ ಅಣ್ಣ.

ಗುರುವಾರ ಮಧ್ಯಾಹ್ನದೊಳಗೆ ಓದುಕೋಣೆಯ ಬೀಗದ ಕೈಯನ್ನು ವಿಭಾಗದವರು ವಾಪಸ್ ಕೇಳಿ ಇಸಿದುಕೊಂಡರು. ಸಂಜೆ ತಲೆನೋವಿನ ಮಾತ್ರೆಗೆಂದು ಹೋದರೆ ಮೆಡಿಕಲ್ ಶಾಪಿನವನು, ‘ಏನ್ ಸಿಸ್ಟರ್, ಪೇಪರಲ್ಲೆಲ್ಲ ಬಂದ್ಬಿಟ್ಟಿದೀರ’ ಎಂದನಂತೆ, ಬಹುಮಾನ ಬಂದವರನ್ನು ವಿಚಾರಿಸುವ ಹಾಗೆ ನಗುತ್ತಾ. ಅವನು ಕೆಟ್ಟವನಲ್ಲ. ಅವಳ ಕೈಬರಹದ ಚೀಟಿ ನೋಡಿಯೇ ಮಾತ್ರೆ ಕೊಡುವಷ್ಟು ನಂಬಿಕೆ ಇಟ್ಟವನು. ಅವಳು ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಬಂದುಬಿಟ್ಟಳು. ನಿನ್ನೆ ಇಡೀ ದಿನ ಕೆಳಗೆ ಇಳಿಯಲಿಲ್ಲ. ಮೇಲೆ ಕುರ್ಚಿ ಎಳೆದ ಸದ್ದು ಕೇಳಿದಾಗಲೆಲ್ಲ ನನಗೆ ಸಮಾಧಾನವಾಗುತ್ತಿತ್ತು.

ಪ್ರೊಫೆಸರ್ ಬಗ್ಗೆಯೂ ಹೇಳುತ್ತೇನೆ, ಇಲ್ಲದಿದ್ದರೆ ನೀನೇ ನನ್ನನ್ನು ಏಕಪಕ್ಷೀಯ ಎನ್ನುತ್ತೀಯ. ನಲವತ್ತು ದಾಟಿದ ಮೇಲೆ ನಾನು ಎಂ.ಎ. ಓದಿದ್ದು ಅವರ ತರಗತಿಯಲ್ಲೇ ಕುಳಿತು. ಮಕ್ಕಳ ವಯಸ್ಸಿನವರ ಮಧ್ಯೆ ಮುದುಡಿ ಕೂರುತ್ತಿದ್ದ ನನ್ನಿಂದ ಪದ್ಯಗಳನ್ನು ಗಟ್ಟಿಯಾಗಿ ಓದಿಸಿದವರು ಅವರು. ‘ನೀವು ಓದಿದ್ರೆ ಕೊನೇ ಬೆಂಚಿನವರೂ ಮೊಬೈಲ್ ಕೆಳಗಿಡ್ತಾರೆ ನೋಡಿ’ ಎನ್ನುತ್ತಿದ್ದರು. ಆ ಮಾತಿನ ಬಲದಿಂದಲೇ ನಾನು ಓದು ಮುಗಿಸಿದೆ. ಅವರು ಕೊಟ್ಟ ಪುಸ್ತಕಗಳು ಈಗಲೂ ನನ್ನ ಕಪಾಟಿನಲ್ಲಿವೆ. ವಿಭಾಗದಲ್ಲಿ ಅವರ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಒಳಗೆ ಏನಾಯಿತು ಎಂದು ನಾನು ಕಂಡಿಲ್ಲ. ಅವಳು ನನ್ನ ಮುಂದೆ ಹೇಳಿದ್ದನ್ನು ನಂಬುತ್ತೇನೆ. ಆದರೆ ನನ್ನ ನಂಬಿಕೆಯನ್ನು ನಿನ್ನ ಪತ್ರಿಕೆಯಲ್ಲಿ ಅಚ್ಚು ಹಾಕು ಎಂದು ಕೇಳುತ್ತಿಲ್ಲ. ಅವರನ್ನು ಅಪರಾಧಿ ಎಂದು ನೀನು ಬರೆದಿದ್ದರೆ ಆಗಲೂ ಹೀಗೊಂದು ಪತ್ರ ಬರೆಯುತ್ತಿದ್ದೆ.

ನಾವಿಬ್ಬರೂ ಒಂದೇ ಮೇಜಿನಲ್ಲಿ ಓದುತ್ತಿದ್ದ ದಿನಗಳು ನೆನಪಾಗುತ್ತವೆ. ನನ್ನ ಪುಸ್ತಕ ನಿನ್ನ ಕಡೆಗೆ ಸರಿಯಿತೆಂದು ಜಗಳವಾಗಿ, ನೀನು ಸ್ಕೇಲಿಟ್ಟು ಮೇಜಿನ ನಟ್ಟನಡುವೆ ಸೀಮೆಸುಣ್ಣದ ಗೆರೆ ಎಳೆದೆ. ಅಮ್ಮನನ್ನು ಕರೆದು ಎರಡೂ ಭಾಗ ಸಮ ಎಂದು ಅಳೆದು ತೋರಿಸಿದೆ. ಅಮ್ಮ ಒಪ್ಪಿದಳು. ಒಪ್ಪಲೇಬೇಕಿತ್ತು, ಸಮವಾಗಿಯೇ ಇತ್ತಲ್ಲ. ದೀಪ ಮಾತ್ರ ನಿನ್ನ ಭಾಗದಲ್ಲಿತ್ತು. ನಾನು ಗೆರೆಯ ಮೇಲೆ ಗಲ್ಲವಿಟ್ಟು, ಪುಸ್ತಕವನ್ನು ಓರೆ ಮಾಡಿಕೊಂಡು ಓದುತ್ತಿದ್ದೆ. ‘ಗೆರೆ ದಾಟ್ಬೇಡ್ವೇ’ ಎಂದು ನೀನು ಮೊಣಕೈಯಿಂದ ತಳ್ಳುತ್ತಿದ್ದೆ. ನೀನು ಮೋಸ ಮಾಡಿರಲಿಲ್ಲ ಅಣ್ಣ. ಬೆಳಕು ಎಲ್ಲಿಂದ ಬರುತ್ತಿದೆ ಎಂದು ನೋಡಿರಲಿಲ್ಲ, ಅಷ್ಟೇ.

ಇಲ್ಲಿಯೂ ಬೆಳಕು ಒಂದು ಕಡೆಯೇ ಇದೆ. ಅವರಿಗೆ ಕೋಣೆಯಿದೆ, ಫೋನಿದೆ, ಸನ್ಮಾನದ ಫೋಟೊ ಇದೆ. ಆ ಫೋಟೊ ಹಾಕುವಾಗ ನೀನು ಅದರ ಉದ್ದ ಅಳೆದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಮಾತಾಡಿದಷ್ಟೂ ಅವರಿಗೆ ಲಾಭ, ಬಾಯಿಬಿಟ್ಟರೆ ಅವಳಿಗೆ ನಷ್ಟ. ಇನ್ನು ನಿನ್ನ ಪುಟದಲ್ಲಿ ಇಲ್ಲವೇ ಇಲ್ಲದ ಇನ್ನೊಂದು ಕಡೆಯಿದೆ, ವಿಶ್ವವಿದ್ಯಾಲಯ. ಅವಳು ದೂರು ಕೊಟ್ಟದ್ದು ಚಳಿಗಾಲದಲ್ಲಿ. ಈಗ ಫ್ಯಾನ್ ಹಾಕದೆ ಕೂರಲಾಗುತ್ತಿಲ್ಲ, ಸಮಿತಿ ಇನ್ನೂ ಒಮ್ಮೆಯೂ ಸೇರಿಲ್ಲ. ಅವಳು ಕೇಳಲು ಹೋದಾಗ ಕಚೇರಿಯವರು, ‘ಪ್ರೊಫೆಸರ್ ಕಣ್ಣಿಗೆ ಬೀಳೋದು ಬೇಡ ಅನ್ಸಿದ್ರೆ ಹಿಂದಿನ ಮೆಟ್ಟಿಲು ಹತ್ತಿ ಬಾಮ್ಮ’ ಎಂದು ಕಳಿಸಿದರಂತೆ. ಹಿಂದಿನ ಮೆಟ್ಟಿಲು ಹತ್ತಬೇಕಾದವಳು ಅವಳು. ಇದು ಸುದ್ದಿಯಲ್ಲವೇ? ರಿಜಿಸ್ಟ್ರಾರನ್ನು ಹಿಡಿದು ಯಾಕೆ ತಡ ಎಂದು ಕೇಳಲು ನಿನ್ನ ಬಿರುಗಾಳಿಗೆ ಬಸ್ಸು ಸಿಗಲಿಲ್ಲವೇ? ಅವನು ನೆಟ್ಟಗೆ ಅವಳ ಹಳೆಯ ಆಸ್ಪತ್ರೆಗೆ ಹೋಗಿದ್ದಾನೆ. ನಿನ್ನೆ ಫೋನಿನಲ್ಲಿ ನೀನೇ ಹೇಳಿದ್ದು: ‘ಭಾನುವಾರಕ್ಕೆ ಪ್ರೊಫೆಸರ್ ಪರವಾಗಿ ಹಳೇ ವಿದ್ಯಾರ್ಥಿಗಳು ಮಾತಾಡಿದಾರೆ ಕಣೇ. ಈ ಕಡೆ ಯಾರೂ ಇಲ್ದೆ ಹಾಕಿದ್ರೆ ತಪ್ಪಾಗುತ್ತೆ. ಆಸ್ಪತ್ರೆಯವರು ಒಳ್ಳೇದನ್ನೇ ಹೇಳ್ಬಹುದಲ್ಲ.’

ಒಳ್ಳೆಯದನ್ನೇ ಹೇಳಲಿ. ಅವಳು ಕೆಲಸ ಯಾಕೆ ಬಿಟ್ಟಳು, ಅಲ್ಲಿ ಯಾರ ಜೊತೆ ಹೇಗಿದ್ದಳು ಎಂದು ಊರಿಗೆಲ್ಲ ಹೇಳಬೇಕಾದ ಅಗತ್ಯ ಎಲ್ಲಿಂದ ಬಂತು? ಆ ಬಲಗಡೆಯ ಅಂಕಣದಿಂದ ಬಂತು. ಅದು ಹಸಿದ ಬಾಯಿಯ ಹಾಗೆ ತೆರೆದುಕೊಂಡು ಕೂತಿದೆ.

ಸಮಿತಿ ಕಡೆಗೂ ಸೋಮವಾರ ಸೇರುತ್ತದಂತೆ. ಪತ್ರಿಕೆಯಲ್ಲಿ ಬಂದದ್ದರಿಂದಲೇ ಸೇರುತ್ತಿದೆ, ಆ ಪುಣ್ಯ ನಿನ್ನದೇ, ಅದನ್ನು ಮರೆಮಾಚುವುದಿಲ್ಲ. ಆದರೆ ಅವಳ ಅಪ್ಪ ನಾಳೆ ಸಂಜೆಯ ಬಸ್ಸಿಗೆ ಬರುತ್ತಾರೆ. ಅವರಿಗೂ ಯಾರೋ ಪತ್ರಿಕೆ ತೋರಿಸಿದ್ದಾರೆ. ‘ಓದಿದ್ದು ಸಾಕು, ಮರ್ಯಾದೆಯಾಗಿ ವಾಪಸ್ ಬಾ’ ಎಂದರಂತೆ. ಇವತ್ತು ಬೆಳಿಗ್ಗೆ ಅವಳು ಕೆಳಗೆ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಕಾಫಿ ಕೊಟ್ಟೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳೇ ಹೊರತು ಕುಡಿಯಲಿಲ್ಲ. ‘ಸಮಿತಿ ಮುಂದೆ ಹೇಳೋಕೆ ನನಗೆ ಭಯ ಇಲ್ಲ ಅಕ್ಕ. ಎಷ್ಟೋ ಜನರ ಗಾಯ ತೊಳೆದಿದೀನಿ, ಏನು ಎಲ್ಲಾಯ್ತು ಅಂತ ಸರಿಯಾಗಿ ಹೇಳೋಕೆ ಬರುತ್ತೆ. ಆದ್ರೆ ಭಾನುವಾರ ಇನ್ನೊಂದು ಸಲ ಬಂದ್ರೆ ಅಪ್ಪನ್ನ ನಿಲ್ಸೋಕೆ ನನ್ ಕೈಲಾಗಲ್ಲ. ನಾನು ಹೋಗ್ಬಿಡ್ತೀನಿ’ ಎಂದಳು. ಅವಳು ಹೋದರೆ ಸಮಿತಿಯ ಮುಂದೆ ಹೇಳುವವರು ಯಾರೂ ಇರುವುದಿಲ್ಲ. ‘ದೂರುದಾರೆ ಗೈರುಹಾಜರು’ ಎಂದು ಬರೆದು ಮುಗಿಸುತ್ತಾರೆ. ಅದನ್ನೂ ನೀನು ಪ್ರಕಟಿಸಬೇಕಾಗುತ್ತದೆ, ಯಾಕೆಂದರೆ ಅದೂ ನಿಜವೇ ಆಗಿರುತ್ತದೆ. ಪ್ರೊಫೆಸರ್ ನಿರಪರಾಧಿಯಾಗಿದ್ದರೆ ಅವರಿಗೂ ಅದರಿಂದ ಬಿಡುಗಡೆಯಿಲ್ಲ. ಹುಡುಗಿಯನ್ನು ಓಡಿಸಿಬಿಟ್ಟರು ಎಂಬ ಮಾತು ಅವರ ಬೆನ್ನ ಹಿಂದೆಯೂ ಇದ್ದೇ ಇರುತ್ತದೆ.

ನಾನು ಕೇಳುವುದು ಇಷ್ಟೇ. ಆಸ್ಪತ್ರೆಯ ಸುದ್ದಿ ಹಾಕಬೇಡ. ಪ್ರೊಫೆಸರ್ ಕಡೆಯವರ ಮಾತನ್ನು ಹಾಕಲೇಬೇಕಾದರೆ ಹಾಕು, ಅದು ನಿನ್ನ ತೀರ್ಮಾನ. ಅವಳ ಕಡೆ ಅವಳು ಹೇಳಿದ ಆ ಒಂದೇ ವಾಕ್ಯ ಇರಲಿ, ಕೆಳಗೆ ಬಿಳಿ ಜಾಗ ಇರಲಿ. ಬಿಳಿ ಜಾಗವಿಟ್ಟು ಪತ್ರಿಕೆ ಹೊರಡಿಸುವುದು ನಿನಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ಓದುವವರು ‘ಅಚ್ಚು ತಪ್ಪಿದೆ’ ಎಂದು ನಗಬಹುದು, ಪ್ರೊಫೆಸರ್ ಸ್ನೇಹಿತರು ಬಂದು ನೀನು ಹುಡುಗಿಯ ಕಡೆಗೆ ವಾಲಿದೆ ಎನ್ನಬಹುದು. ವಾಲಿದೆ ಎನ್ನಿಸಿಕೊಳ್ಳುವುದು ನಿನಗೆ ಸಾವಿನಷ್ಟು ದೊಡ್ಡದು, ಅದೂ ಗೊತ್ತು. ಪದ್ಯ ಓದುವವರಿಗೆ ಸಾಲು ಮುಗಿದ ಮೇಲಿನ ಬಿಳಿ ಜಾಗವನ್ನು ಓದಿ ಅಭ್ಯಾಸವಿರುತ್ತದೆ. ನಿನಗೂ ಒಂದು ಕಾಲದಲ್ಲಿ ಇತ್ತು. ಬಿರುಗಾಳಿಯನ್ನು ಆಸ್ಪತ್ರೆಯಿಂದ ಕರೆಸಿ ರಿಜಿಸ್ಟ್ರಾರ್ ಕಚೇರಿಗೆ ಓಡಿಸು. ಅಲ್ಲಿ ಬೇಕಾದಷ್ಟು ಉದ್ದ ಸಿಗುತ್ತದೆ.

ಕೋಪ ಬಂದರೆ ಬರಲಿ, ಮನೆಗೆ ಬಂದು ಬೈದು ಹೋಗು. ಕೆಮ್ಮಿಗೆ ಔಷಧ ಬಿಡಬೇಡ, ಅತ್ತಿಗೆಯ ಮಾತು ಕೇಳು. ಚಿಕ್ಕವಳು ನಾನು, ನಿನ್ನನ್ನು ಹರಸಲು ಬರುವುದಿಲ್ಲ. ಪೆನ್ನು ಹಿಡಿದ ನಿನ್ನ ಕೈ ಚೆನ್ನಾಗಿರಲಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ನಿನ್ನ ಗೆರೆಯ ಆಚೆಗೆ ಕೂತು ಓದಿ ಬೆಳೆದ,
ತಂಗಿ

ಮಡಚಿದ ಕಾಗದವನ್ನು ಬಿಡಿಸಿ ಇಷ್ಟು ಸೇರಿಸುತ್ತಿದ್ದೇನೆ. ಎದುರು ಮನೆಯ ಟೈಲರ್ ಅಮ್ಮ ಈಗಷ್ಟೇ ಬಂದು ಹೋದರು. ನೀನು ಅವರನ್ನು ನೋಡಿದ್ದೀಯ, ಕೊರಳಲ್ಲಿ ಸದಾ ಟೇಪು ನೇತಾಡುತ್ತಿರುತ್ತದೆ. ನನಗೆ ಜ್ವರ ಬಂದಾಗ ಮೂರು ಹೊತ್ತೂ ಊಟ ಕಳಿಸಿದ ಹೆಂಗಸು, ಕೆಟ್ಟ ಮನಸ್ಸಿನವರಲ್ಲ. ಒಳಗೆ ಬನ್ನಿ ಎಂದರೂ ಬರಲಿಲ್ಲ. ಬಾಗಿಲಲ್ಲೇ ನಿಂತು, ಮಹಡಿಯ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು: ‘ನಿಮ್ಮಣ್ಣ ಎಷ್ಟು ಚೆನ್ನಾಗಿ ಬರೆದಿದಾರೆ ಅಕ್ಕ, ಪಾಪ ಆ ಹುಡುಗಿ ಹೆಸರೂ ಹಾಕಿಲ್ಲ. ಹೇಗೂ ಅವಳು ರೂಮ್ ಬಿಡ್ತಾಳಲ್ಲ, ನಮ್ಮ ತಂಗಿ ಮಗನಿಗೆ ಕೊಡ್ತೀರಾ? ಒಳ್ಳೇ ಹುಡುಗ. ಯಾರ ಬಾಯಿಗೂ ಬೀಳೋನಲ್ಲ.’