ಮರದ ಬಾತಿನ ಕತ್ತು

ಮ್ಯಾಡಿಸನ್ ನದಿ ದಂಡೆ, ಮೊಂಟಾನಾ
ಜನವರಿ 9

ಅಪ್ಪಾ,

ಮೊದಲು ಬೈದುಬಿಡು, ಆಮೇಲೆ ಓದು. ಶನಿವಾರ ಬೇಟೆ ಮುಗಿಸಿ ಬರುವಾಗ, ಕಾಡುಬಾತುಗಳನ್ನು ಸೆಳೆಯಲು ತೇಲಿಬಿಟ್ಟಿದ್ದ ನೀನು ಕೆತ್ತಿದ ಮರದ ಬಾತನ್ನು ಚಳಿ ತಾಳಲಾರದೆ ನದಿಯಲ್ಲೇ ಬಿಟ್ಟು ಬಂದೆ.

ಇವತ್ತು ಬೆಳಿಗ್ಗೆ ಅದನ್ನು ತರಲು ನಾನು, ನಿನ್ನ ಅಳಿಯ ಆರಿನ್ ಇಬ್ಬರೂ ಹೋದೆವು. ದಂಡೆಯ ಹಿಮದಲ್ಲಿ ಮೋಟು ಬಾಲದ ಕಾಡುಬೆಕ್ಕೊಂದು ಹೊಟ್ಟೆ ನೆಲಕ್ಕೊತ್ತಿ ತೆವಳುತ್ತಿತ್ತು. ತೀರಾ ಸೊರಗಿತ್ತು. ಅರ್ಧ ಗಂಟೆ ಅಲುಗದೆ ನೋಡಿದೆವು. ಆಮೇಲೆ ಆರಿನ್ ನನ್ನ ತೋಳು ಹಿಂಡಿದ: "ಲೇ, ಅದು ಹೊಂಚು ಹಾಕ್ತಿರೋದು ನಿಮ್ಮಪ್ಪನ ಬಾತಿಗೆ ಕಣೇ!"

ಕೂಗಿ ಓಡಿಸಬೇಕಿತ್ತು. ಆದರೆ ನೋಡುತ್ತಲೇ ನಿಂತುಬಿಟ್ಟೆ. ಅದು ಆ ಕೊರೆಯುವ ನೀರಿಗೆ ಹಾರಿ, ಬಾತಿನ ಕತ್ತಿಗೆ ಬಾಯಿ ಹಾಕಿ, ಕಟ್ಟಿದ್ದ ದಾರ ಕಿತ್ತು ದಡಕ್ಕೆ ಎಳೆದು ತಂದಿತು. ಕಚ್ಚಿತು. ಬಿಟ್ಟು ನೋಡಿತು. ಮತ್ತೆ ಕಚ್ಚಿತು. ಮೈಮೇಲಿನ ನೀರು ಹೆಪ್ಪುಗಟ್ಟುತ್ತಿದ್ದರೂ ಮತ್ತೊಮ್ಮೆ ಕಚ್ಚಿತು. ಕೊನೆಗೆ ಬರಿಹೊಟ್ಟೆಯಲ್ಲೇ ಪೊದೆಗಳ ಕಡೆ ಹೋಯಿತು.

ಕೆತ್ತನೆ ಸ್ಪರ್ಧೆಯ ತೀರ್ಪುಗಾರರು ಈ ಬಾತನ್ನು ನೋಡಿ "ಕತ್ತಿನಲ್ಲಿ ಜೀವ ಇಲ್ಲ" ಅಂದ ದಿನದಿಂದ ನೀನು ಉಳಿ ಮುಟ್ಟಿಲ್ಲ. ಬಾತನ್ನು ಪಾರ್ಸೆಲ್ ಮಾಡಿದ್ದೇನೆ. ಕತ್ತಿನ ಮೇಲೆ ಹಲ್ಲಿನ ಗುರುತುಗಳಿವೆ, ಬೆರಳಿಟ್ಟು ನೋಡು. ದಯವಿಟ್ಟು ಬಣ್ಣ ಬಳಿದು ಮುಚ್ಚಬೇಡ.

ಇನ್ನೊಂದು ಕೆತ್ತಿ ಕಳಿಸು. ಈ ಸಲ ಬೆರಳು ಮರಗಟ್ಟಿದರೂ ಸರಿ, ನೀರಿನಿಂದ ಎತ್ತಿಕೊಂಡೇ ಮನೆಗೆ ಬರುತ್ತೇನೆ.

ನಿನ್ನ ಸೋಮಾರಿ ಮಗಳು,
ವೆರ್ನಾ