ಕಾರಿನ ಮೇಲಿನ ಕೋಣೆ

ಮನೆಯಿಂದ, ಬುಧವಾರ ಮಧ್ಯಾಹ್ನ

ಪ್ರೀತಿಯ ಮರಿ,

ಹೇಗಿದ್ದೀಯಪ್ಪ? ಸುರಂಗದ ಧೂಳಿಗೆ ಶುರುವಾಗಿದ್ದ ಕೆಮ್ಮು ನಿಂತಿತೆ? ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ ಕೇಳುವವನಲ್ಲ ನೀನು. ಅಲ್ಲಿ ಫೋನು ಸಿಗದಿರುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ. ಫೋನಿನಲ್ಲಾದರೆ ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸುತ್ತೀಯ, ಕಾಗದದಲ್ಲಿ ಅದು ಆಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ಮಂಡಿ ಇದ್ದಲ್ಲೇ ಇದೆ, ನೋವೂ ಇದ್ದಲ್ಲೇ ಇದೆ. ಪಾಪುವಿಗೆ ಮೇಲಿನ ಹಲ್ಲು ಬಂದಿವೆ. ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ, ನನ್ನ ಕನ್ನಡಕವನ್ನೂ ಬಿಟ್ಟಿಲ್ಲ.

ಇನ್ನು ನಿನ್ನ ಕರೆಂಟು ಕಾರಿನ ಸಮಾಚಾರ. ನೀನು ಹೋಗುವ ಮುಂಚೆ ನಮ್ಮ ಮೀಟರಿನಿಂದ ವೈರು ಎಳೆದು, ಪಾರ್ಕಿಂಗಿನ ಕಂಬಕ್ಕೆ ಸಾಕೆಟ್ ಕೂರಿಸಿ, "ಸದ್ಯಕ್ಕೆ ಇಷ್ಟು ಸಾಕಮ್ಮ, ಏನೂ ಆಗಲ್ಲ" ಅಂದೆಯಲ್ಲ, ಆ ಸದ್ಯ ಇನ್ನೂ ಮುಗಿದಿಲ್ಲ. ಸರಿಯಾದ ಚಾರ್ಜಿಂಗ್ ಲೈನು ಹಾಕಿಸುವುದಕ್ಕೆಂದು ಅಪಾರ್ಟ್‌ಮೆಂಟಿನ ಸಂಘದವರು ಸಭೆ ಸೇರುತ್ತಾರೆ, ಟೀ ಕುಡಿಯುತ್ತಾರೆ, ಏಳುತ್ತಾರೆ. ಎಲ್ಲರ ಜಾಗದಲ್ಲಿ ಒಬ್ಬರ ಕಾರಿಗೇಕೆ ಎನ್ನುವುದು ಅವರ ವಾದ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಜನ. ಈಗೀಗ ಆ ಗಾದೆ ಹೇಳಲೂ ನನಗೆ ಭಯ, ಏಕೆಂದರೆ ಕಾರು ನಿಲ್ಲುವುದು ನಾನೂ ಪಾಪುವೂ ಮಲಗುವ ಕೋಣೆಯ ನೇರ ಕೆಳಗೆ.

ನಿನ್ನ ಹೆಂಡತಿಯನ್ನು ದೂರುತ್ತಿಲ್ಲ. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಹುಣ್ಣು ತೊಳೆದು ಪಟ್ಟಿ ಕಟ್ಟುವ ನರ್ಸು ಅವಳು, ಕಾರಿಲ್ಲದೆ ಹೇಗೆ? ಸಂಜೆ ಬಂದವಳೇ ಕೇಬಲ್ ಸಿಕ್ಕಿಸುತ್ತಾಳೆ. ನಾನು ಪಾಪುವಿನ ಹಣೆ ನೋಡುವ ಹಾಗೆ ಕೈಯ ಹಿಂಬದಿಯಿಂದ ಪ್ಲಗ್ಗನ್ನು ಮುಟ್ಟಿ ನೋಡುತ್ತೇನೆ. ಮೊದಮೊದಲು ಬೆಚ್ಚಗಿತ್ತು, ಆಮೇಲೆ ಜ್ವರ ಬಂದ ಹಾಗೆ. ಹೆದರಿ, ಪಕ್ಕದಲ್ಲಿ ಬಕೆಟ್ ನೀರಿಟ್ಟುಕೊಂಡು ಕುರ್ಚಿ ಹಾಕಿ ಕೂತೆ. ವಾಚ್‌ಮನ್ ಓಡಿ ಬಂದು, "ಕರೆಂಟಿಗೆ ನೀರು ಹಾಕ್ತೀರಾ ಅಜ್ಜಿ? ಕಾರಿಗಿಂತ ಮುಂಚೆ ನೀವೇ ಹೋಗ್ತೀರಿ" ಎಂದು ಬೈದು, ಬಕೆಟ್ಟಿಗೆ ಮರಳು ತುಂಬಿ ಕೊಟ್ಟ. ಮೇಲಿನ ಮನೆಯವರು ಕಾರಿಗೆ ಬಾಣಂತನ ಮಾಡುತ್ತಿದ್ದೀರಾ ಎಂದು ನಗುತ್ತಾರೆ. ನಿನ್ನ ಹೆಂಡತಿಯಂತೂ, "ನಿಮಗೆ ಹಗ್ಗ ಕಂಡ್ರೂ ಹಾವೇ ಅತ್ತೆ. ಏನೂ ಆಗಲ್ಲ ಅಂತ ನಿಮ್ಮ ಮಗನೇ ಹೇಳಿ ಹೋಗಿದಾರಲ್ಲ" ಅಂದಳು. ಆದರೂ ಪಾಪುವನ್ನು ಬಾಗಿಲ ಬದಿಗೆ ಮಲಗಿಸಿಕೊಳ್ಳುತ್ತಿದ್ದೇನೆ, ಎತ್ತಿಕೊಂಡು ಓಡಲು ಸುಲಭ ಎಂದು. ಈ ಮಂಡಿಯಲ್ಲಿ ಎಷ್ಟು ದೂರ ಓಡುತ್ತೇನೋ.

ಈಗ ಮೊನ್ನೆಯಿಂದ ಕೇಬಲ್ಲೇ ಕಾಣೆಯಾಗಿದೆ. ಅವಳು ಬಸ್ಸಿನಲ್ಲಿ ಓಡಾಡಿ ಸೋತುಹೋಗಿದ್ದಾಳೆ. ಸಂಘದ ಕಾರ್ಯದರ್ಶಿಗೆ ವಾಚ್‌ಮನ್ ಮೇಲೆ ಅನುಮಾನ. ಬೆಳಿಗ್ಗೆ ಅವನ ಪೆಟ್ಟಿಗೆ ತೆಗೆಸಿ ನೋಡಿದರು. ಪಾಪ, ಮಡಚಿಟ್ಟಿದ್ದ ಅಂಗಿಗಳನ್ನೆಲ್ಲ ಒಂದೊಂದಾಗಿ ಕೊಡವಿ ತೋರಿಸಿದ. ನನಗೆ ನೋಡಲಾಗಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು, ಒದ್ದೆ ಕಾಲುಚೀಲದಲ್ಲಿ ಇರಬೇಡ. ನಿನ್ನ ಜೊತೆ ಕೆಲಸ ಮಾಡುವ ಮಕ್ಕಳಿಗೂ ನನ್ನ ಆಶೀರ್ವಾದ ಹೇಳು. ಗಟ್ಟಿಯಾಗಿ, ತಣ್ಣಗೆ ಬಾಳು.

ನಿನ್ನ ಅಮ್ಮ

ಮರೆತ ಮಾತು: ನಿಮ್ಮ ಕ್ಯಾಂಪಿಗೆ ಸಾಮಾನು ಒಯ್ಯುವ ವ್ಯಾನಿನವನು ಕೆಳಗೆ ಹಾರನ್ ಹೊಡೆಯುತ್ತಿದ್ದಾನೆ. ಕೇಬಲ್ ಕಳುವಾಗಿಲ್ಲ, ನನ್ನ ಹಾಸಿಗೆಯ ಕೆಳಗಿದೆ. ಮೊನ್ನೆ ಪ್ಲಗ್ಗನ್ನು ಮುಟ್ಟಿದಾಗ ಕೈ ಚುರ್ರೆಂದಿತು, ಸ್ವಿಚ್ ಆರಿಸಿ ಕಿತ್ತು, ಮತ್ತೆ ಯಾರೂ ಸಿಕ್ಕಿಸದಿರಲಿ ಎಂದು ಬಚ್ಚಿಟ್ಟುಬಿಟ್ಟೆ. ಪ್ಲಗ್ಗಿನ ಒಂದು ಕಾಲು ಕಪ್ಪಾಗಿ, ಸುತ್ತ ಮೇಣದ ಹಾಗೆ ಕರಗಿದೆ. ಸಾಕೆಟ್ಟಿನ ಒಳಗೂ ಹಾಗೇ. ಮುಚ್ಚಳ ಮುಚ್ಚಿದ್ದರಿಂದ ಯಾರೂ ನೋಡಿಲ್ಲ. ಈಗಲೇ ಕೆಳಗಿಳಿದು ಎಲ್ಲರೆದುರು ತೋರಿಸುತ್ತೇನೆ, ವಾಚ್‌ಮನ್‌ಗೆ ಕಳ್ಳನೆಂಬ ಹೆಸರು ಬರಬಾರದು. ಆದರೆ ನಿನ್ನ ಹೆಂಡತಿ ತರಿಸಿರುವ ಹೊಸ ಕೇಬಲ್ ಶುಕ್ರವಾರ ಬರುತ್ತದೆ. ಕೆಟ್ಟಿದ್ದು ಕೇಬಲ್ ಮಾತ್ರ ಎಂದುಕೊಂಡು ಅದೇ ಸಾಕೆಟ್ಟಿಗೆ ಹಾಕುತ್ತಾಳೆ ಎಂದು ನನಗೆ ಭಯ. ಏನೂ ಆಗಲ್ಲ ಅಂದವನು ನೀನು. ಆಗುತ್ತದೆ ಅಂತಲೂ ನಿನ್ನ ಕೈಯಿಂದಲೇ ಎರಡು ಸಾಲು ಬರೆದು ಇದೇ ವ್ಯಾನಿನಲ್ಲಿ ಅವಳಿಗೆ ಕಳಿಸು. ಅಲ್ಲಿಯವರೆಗೆ ಪಾಪು ಬಾಗಿಲ ಬದಿಯಲ್ಲೇ ಮಲಗುತ್ತದೆ.